ತಂಗೆವ್ವ ಕೊಡದ ಮುಖ

ವಿಶ್ವಂಭರನನ್ನು ಪರಊರಿನವರು ದೊಡ್ಡ ಕಲಾವಿದ ಎನ್ನುತ್ತಾರೆ. ಎನ್ನಲಿ. ಅವನ ಜೊತೆ ಒಂಬತ್ತು ವರ್ಷ ಒಂದೇ ಸೂರಿನಡಿ ಕೆಲಸ ಮಾಡಿದ ನಾನು ಅವನನ್ನು ಕಳ್ಳ ಎನ್ನುತ್ತೇನೆ. ಆ ಕಳ್ಳತನದಲ್ಲಿ ಕತ್ತರಿ ಹಿಡಿದವಳು ನಾನೇ ಎಂಬುದನ್ನೂ ಮುಚ್ಚಿಡದೆ ಹೇಳುತ್ತೇನೆ. ಸಿಟ್ಟು ಇಳಿದ ಮೇಲೆ ಹೇಳೋಣ ಎಂದು ಇಷ್ಟು ದಿನ ಕಾದೆ. ಇಳಿಯಲಿಲ್ಲ.

ನಮ್ಮೂರಿನಲ್ಲಿ ಮನುಷ್ಯನ ಮುಖ ಕ್ಯಾಮೆರಾಕ್ಕೆ ಬೀಳುವುದು ಜನ್ಮದಲ್ಲಿ ಒಂದೇ ಸಲ. ಗುಂಡಿ ಒತ್ತಿದಲ್ಲಿಂದ ಬಿಡುವವರೆಗೆ, ಅಷ್ಟೇ. ಆಮೇಲೆ ಎಷ್ಟು ಸಲ ತೆಗೆದರೂ ಕುಪ್ಪಸ ಬರುತ್ತದೆ, ಕೊರಳ ಸರ ಬರುತ್ತದೆ, ಅದರ ಮೇಲೆ ಹಿಂದಿನ ಗೋಡೆ ಬರುತ್ತದೆ. ಇದಕ್ಕೆ ನಾವು ‘ಮುಖ ಕೊಡುವುದು’ ಎನ್ನುತ್ತೇವೆ. ಹೆಚ್ಚಿನವರು ಮದುವೆಯಲ್ಲಿ ಕೊಟ್ಟು ಮುಗಿಸುತ್ತಾರೆ. ಹೀಗಾಗಿ ಎರಡನೆಯ ಮದುವೆಯ ಫೋಟೋಗಳಲ್ಲಿ ರುಮಾಲಿನ ಕೆಳಗೆ ಯಾರೂ ಇರುವುದಿಲ್ಲ. ತಾಯಂದಿರು ಕೂಸಿನ ಮುಖವನ್ನು ಹೆಗಲಿಗೊತ್ತಿಕೊಂಡೇ ಫೋಟೋಕ್ಕೆ ನಿಲ್ಲುತ್ತಾರೆ. ಕೂಸಿನದನ್ನು ಕೂಸೇ ದೊಡ್ಡದಾಗಿ ಕೊಡಬೇಕು. ನಮ್ಮ ಹೈಸ್ಕೂಲಿನ ಹಳೆಯ ಹೆಡ್‌ಮಾಸ್ತರರು ನಿವೃತ್ತಿಯ ದಿನಕ್ಕೆಂದು ಮೂವತ್ತು ವರ್ಷ ಮುಖ ಉಳಿಸಿಕೊಂಡಿದ್ದರಂತೆ. ಸರಿಯಾಗಿ ಗುಂಡಿ ಒತ್ತುವ ಹೊತ್ತಿಗೆ ಸೀನು ಬಂತು. ಶಾಲೆಯ ಗೋಡೆಯ ಮೇಲೆ ಅವರು ಇವತ್ತಿಗೂ ಸೀನುತ್ತಿದ್ದಾರೆ.

ಇಂಥ ಊರಿನಲ್ಲಿ ಸಿನಿಮಾ ಮಾಡುತ್ತೇವೆಂದು ಹೊರಟ ನಾಲ್ವರು ನಾವು. ಹಳೆಯ ಹತ್ತಿ ಗಿರಣಿಯ ಶೆಡ್ಡು ಹಿಡಿದು ‘ಬಿಸಿಲು ಚಿತ್ರಶಾಲೆ’ ಎಂದು ಬೋರ್ಡು ಹಾಕಿದೆವು. ವಿಶ್ವಂಭರ ನಿರ್ದೇಶಕ. ಗಫೂರ ಕ್ಯಾಮೆರಾ. ಕಾಳಿಂಗಪ್ಪ ಪರದೆಗಳಿಗೆ ಬಣ್ಣ ಬಳಿಯುವವನು. ಚಾವಣಿ ಎತ್ತರದ ಆಕಾಶ ಬರೆದು, ಅದು ಒಣಗುವವರೆಗೆ ಅದರ ಕೆಳಗೇ ಕೂತು ಬೀಡಿ ಸೇದುತ್ತಿದ್ದ. ನಾನು ಮಂದಾಕಿನಿ, ಕತ್ತರಿ ಮತ್ತು ಅಂಟು ನನ್ನ ಕೆಲಸ. ಪ್ರತಿ ತೆಗೆಯುವ ಯಂತ್ರ ನಮ್ಮಲ್ಲಿರಲಿಲ್ಲ. ತೆಗೆದ ಫಿಲ್ಮನ್ನೇ ಕತ್ತರಿಸಿ, ಅದನ್ನೇ ಅಂಟಿಸಿ, ಅದನ್ನೇ ತೋರಿಸಬೇಕು. ತಪ್ಪಿ ಕತ್ತರಿಸಿದರೆ ಹೋಯಿತು.

ಒಬ್ಬರ ಮುಖ ಒಂದೇ ಶಾಟಿಗೆ ಮುಗಿಯುವುದರಿಂದ ನಮ್ಮ ನಾಯಕಿಗೆ ನೂರಾರು ಮುಖ. ಬಾಗಿಲು ತೆರೆಯುವವಳು ಒಬ್ಬಳು, ಒಳಗೆ ಬರುವವಳು ಇನ್ನೊಬ್ಬಳು, ಕೂತು ನೀರು ಕುಡಿಯುವವಳು ಮತ್ತೊಬ್ಬಳು. ಸೀರೆ ಮಾತ್ರ ಒಂದೇ. ಅರಿಶಿನ ಬಣ್ಣದ್ದು, ಹಸಿರು ಅಂಚಿನದು. ಆ ಸೀರೆ ಉಟ್ಟವಳು ನಾಯಕಿ ಎಂದು ನಮ್ಮ ಜನ ತಂಟೆಯಿಲ್ಲದೆ ಒಪ್ಪಿಕೊಂಡಿದ್ದರು. ಸಿನಿಮಾ ನೋಡುವಾಗ ಒಂದೊಂದು ಮುಖ ಬಂದಾಗಲೂ ಕೂಗಿ ಹೆಸರು ಹೇಳುವುದು ಇಲ್ಲಿನ ರೂಢಿ. ‘ಅಗೋ, ಪೋಸ್ಟಿನ ಚನ್ನಮ್ಮ!’ ‘ಅಕಿ ನಮ್ಮ ಅತ್ತಿ!’ ಮಾತು ಕೇಳಿಸದಷ್ಟು ಗಲಾಟೆ. ನನಗೆ ಅದು ಇಷ್ಟವಾಗುತ್ತಿತ್ತು. ಜನ್ಮಕ್ಕೊಂದೇ ಇರುವುದನ್ನು ಮದುವೆಗೂ ಕೊಡದೆ ನಮ್ಮನ್ನು ನಂಬಿ ಕೊಟ್ಟಿದ್ದರಲ್ಲ.

ತಂಗೆವ್ವ ನಮಗೆಲ್ಲ ಮಧ್ಯಾಹ್ನದ ಅಡುಗೆ ಮಾಡುತ್ತಿದ್ದವಳು. ಐವತ್ತೈದು ದಾಟಿತ್ತು. ಶೆಡ್ಡಿನ ಹಿಂದಿನ ಅಂಗಳದಲ್ಲಿ ಮೂರು ಕಲ್ಲಿನ ಒಲೆ ಹೂಡಿ ರೊಟ್ಟಿ ಬಡಿಯುತ್ತಿದ್ದಳು. ಅವಳ ರೊಟ್ಟಿಯ ಸಪ್ಪಳ ನಿಂತರೆ ಊಟದ ಹೊತ್ತಾಯಿತು ಎಂದು ಲೆಕ್ಕ. ಅವಳು ಮದುವೆಯಲ್ಲಿ ಮುಖ ಕೊಟ್ಟಿರಲಿಲ್ಲ. ಗಂಡ ತೀರಿಕೊಳ್ಳುವ ಮುಂಚೆ ಜೊತೆಗೆ ಒಂದು ತೆಗೆಸೋಣ ಎಂದು ಗೋಗರೆದಾಗಲೂ ಕೊಟ್ಟಿರಲಿಲ್ಲ. ಮೊಮ್ಮಗುವನ್ನು ಎತ್ತಿಕೊಂಡು ಕೊಡುತ್ತೇನೆ ಎಂದು ಹಟ. ಮಗಳು ರೇಣವ್ವನಿಗೆ ಎರಡು ಸಲ ಬಸಿರು ಇಳಿದು ಹೋಗಿತ್ತು. ಮೂರನೆಯದು ಒಂಬತ್ತು ತಿಂಗಳಿಗೆ ಬಂದಿತ್ತು.

“ಗಫೂರಣ್ಣ, ನೀನಽ ತೆಗೀಬೇಕು ನೋಡು,” ಎನ್ನುತ್ತಿದ್ದಳು. “ಹಲ್ಲು ಕಾಣ್ಬೇಕೋ ಬ್ಯಾಡೋ ಮೊದಲಽ ಹೇಳು. ಮುಂದಿನ ಎರಡು ಇಲ್ಲ ನನಗ.”

“ಹಲ್ಲಿಲ್ಲದ್ದಽ ಚೆಂದ ಬೇ,” ಎಂದು ಗಫೂರ ನಗುತ್ತಿದ್ದ. “ಕೂಸಿಗೂ ಇರೂದಿಲ್ಲ, ನಿನಗೂ ಇಲ್ಲ. ಜೋಡಿ ಆಕ್ಕೈತಿ.”

ಆ ವರ್ಷ ನಾವು ಮಾಡುತ್ತಿದ್ದದ್ದು ಮೂರು ವರ್ಷದಿಂದ ಎಳೆಯುತ್ತಿದ್ದ ದೊಡ್ಡ ಚಿತ್ರ. ಮುನ್ನೂರ ಹನ್ನೊಂದು ಮುಖಗಳು ಆಗಿದ್ದವು. ಉಳಿದದ್ದು ಕೊನೆಯ ಶಾಟು ಒಂದೇ: ನಾಯಕಿಗೆ ಮಗ ತೀರಿಕೊಂಡ ಸುದ್ದಿ ಬರಬೇಕು, ಅವಳು ಅಳಬೇಕು. ಆ ಶಾಟಿಗೆ ಏಳು ಹೆಂಗಸರು ಬಂದು ಮುಖ ಕೊಟ್ಟು ಹೋದರು. ಏಳೂ ವಿಶ್ವಂಭರನಿಗೆ ಹಿಡಿಸಲಿಲ್ಲ. ‘ನಾಟಕ’ ಎಂದ, ‘ಸುಳ್ಳು’ ಎಂದ, ಏಳು ಜನ್ಮದ ಮುಖಗಳನ್ನು ಡಬ್ಬಿಗೆ ಹಾಕಿ ಮೂಲೆಗಿಟ್ಟ. ಅವತ್ತೇ ನಾನು ಜಗಳ ತೆಗೆಯಬೇಕಿತ್ತು. ತೆಗೆಯಲಿಲ್ಲ.

ಯುಗಾದಿಗೆ ಅವನು ತಂಗೆವ್ವನಿಗೆ ಸೀರೆ ಕೊಟ್ಟ. ಅರಿಶಿನ ಬಣ್ಣ, ಹಸಿರು ಅಂಚು. ನಾಯಕಿಗೆಂದು ತಂದಿಟ್ಟಿದ್ದ ಒಂದೇ ಬಗೆಯ ಸೀರೆಗಳಲ್ಲಿ ಒಂದು. ಒಂಬತ್ತು ವರ್ಷದಲ್ಲಿ ಯಾರಿಗೂ ಒಂದು ಹೂ ಕೊಡದವನು ಕೊಟ್ಟನಲ್ಲ ಎಂದು ನಮಗೆ ಸಂತೋಷವೇ ಆಯಿತು. ತಂಗೆವ್ವ ಅದನ್ನು ದಿನ ಬಿಟ್ಟು ದಿನ ಒಗೆದು ಉಟ್ಟಳು. ಅದೇ ವಾರ ಕ್ಯಾಮೆರಾ ಅಂಗಳದ ಕಡೆಯ ಕಿಟಕಿಗೆ ಬಂತು. ಕೇಳಿದರೆ, ಬೆಳಕು ಪರೀಕ್ಷೆ ಮಾಡುತ್ತಿದ್ದೇನೆ ಎಂದ.

ಒಂದು ಮಂಗಳವಾರ ನಾನು ಅಂಟು ತರಲು ಪೇಟೆಗೆ ಹೋಗಿದ್ದೆ. ಗಫೂರ ಮತ್ತು ಕಾಳಿಂಗಪ್ಪ ಪರದೆಯ ಬಟ್ಟೆ ತರಲು ಹೋಗಿದ್ದರು. ನಾನು ಬಂದಾಗ ಒಲೆಯ ಮೇಲೆ ರೊಟ್ಟಿಯೊಂದು ಕರಿಕಾಗಿ ಹೊಗೆಯಾಡುತ್ತಿತ್ತು. ಅಂಗಳದಲ್ಲಿ ಯಾರೂ ಇರಲಿಲ್ಲ. ವಿಶ್ವಂಭರ ಬಾಗಿಲಲ್ಲಿ ನಿಂತಿದ್ದ. ಆಸ್ಪತ್ರೆಯಿಂದ ಸ್ಟುಡಿಯೋಕ್ಕೆ ಫೋನ್ ಬಂದಿತ್ತು, ಹುಟ್ಟುವಾಗಲೇ ಕೂಸು ಹೋಗಿತ್ತು, ಹೆಣ್ಣುಕೂಸು, ತಂಗೆವ್ವ ಮಗಳ ಊರಿಗೆ ಬಸ್ಸು ಹತ್ತಿದಳು ಎಂದ. ಅವನ ಧ್ವನಿ ಮೆತ್ತಗಿತ್ತು. ಅವನಿಗೂ ದುಃಖವಾಗಿದೆ ಎಂದುಕೊಂಡೆ. ನಾನು ಎಂಥ ಮೂರ್ಖಳು.

ನಾಲ್ಕು ದಿನ ಬಿಟ್ಟು ತೊಳೆದು ಬಂದ ಸುರುಳಿಯೊಂದನ್ನು ಅವನು ನನ್ನ ಮೇಜಿನ ಮೇಲಿಟ್ಟ. “ಕಡೀ ಶಾಟು ಸಿಕ್ತು, ಮಂದಾ,” ಎಂದಷ್ಟೇ ಹೇಳಿ ಹೋದ.

ದೀಪದ ಪೆಟ್ಟಿಗೆಗೆ ಹಾಕಿ ಸುರುಳಿ ತಿರುಗಿಸಿದೆ. ತಂಗೆವ್ವ ರೊಟ್ಟಿ ಬಡಿಯುತ್ತಿದ್ದಾಳೆ. ತಲೆ ಎತ್ತುತ್ತಾಳೆ. ಯಾರೋ ಎದುರು ಬಂದು ನಿಂತಿದ್ದಾರೆ, ಅವರ ನೆರಳು ಒಲೆಯ ಕಲ್ಲಿನವರೆಗೆ ಬಿದ್ದಿದೆ. ಅವಳು ನಗುತ್ತಾಳೆ. ಮುಂದಿನ ಎರಡು ಹಲ್ಲಿಲ್ಲದ ಬಾಯಿ ತುಂಬ ನಗುತ್ತಾಳೆ. ಆರು ಸೆಕೆಂಡು. ಆಮೇಲೆ ನೆರಳು ಏನೋ ಹೇಳುತ್ತದೆ. ಆಮೇಲಿನ ಮೂವತ್ತಾರು ಸೆಕೆಂಡನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ನೋಡುವ ಹಕ್ಕು ಯಾರಿಗೂ ಇರಲಿಲ್ಲ. ಬರೆಯುವ ಹಕ್ಕು ನನಗಂತೂ ಇಲ್ಲ.

ಆ ಆರು ಸೆಕೆಂಡನ್ನೇ ಮತ್ತೆ ಮತ್ತೆ ತಿರುಗಿಸಿದೆ. ಅವಳು ನಗುತ್ತಿರುವಾಗಲೇ ಕ್ಯಾಮೆರಾ ಓಡುತ್ತಿದೆ. ಅಂದರೆ ಫೋನ್ ಇಟ್ಟವನು ನೇರ ಅವಳ ಬಳಿ ಹೋಗಲಿಲ್ಲ. ಮೊದಲು ಕಿಟಕಿಗೆ ಹೋದ. ಗುಂಡಿ ಒತ್ತಿ ಸಿಕ್ಕಿಸಿದ. ಆಮೇಲೆ ಸುತ್ತು ಹಾಕಿ ಅಂಗಳಕ್ಕೆ ಬಂದು, ಅವಳ ಮುಖ ಚೌಕಟ್ಟಿನೊಳಗೆ ಬೀಳುವಂತೆ ನಿಂತು, ಹೇಳಿದ. ಸೀರೆ ಕೊಟ್ಟದ್ದು ಯಾಕೆಂದು ಆಗ ತಿಳಿಯಿತು. ಕೂಸು ಬದುಕಿದ್ದರೆ ಆ ನಗುವನ್ನು ಇನ್ನೊಂದು ಕಡೆಗೆ ಬಳಸುತ್ತಿದ್ದ. ನಗುವೋ ಅಳುವೋ, ಅವನು ಎರಡಕ್ಕೂ ಬಲೆ ಹಾಕಿಯೇ ಕೂತಿದ್ದ.

ನಾನು ಹೋಗಿ ಅವನ ಅಂಗಿ ಹಿಡಿದೆ. ಸುಳ್ಳಲ್ಲ, ಗುಂಡಿ ಕಿತ್ತು ಬಂತು.

“ನೀ ಮನಶ್ಯಾ ಹೌದೋ ಅಲ್ಲೋ?” ಎಂದೆ.

ಅವನು ಕೈ ಬಿಡಿಸಿಕೊಳ್ಳಲಿಲ್ಲ. “ನೋಡಿದಿಲ್ಲೋ? ಅಂಥಾ ಶಾಟು ನಿನ್ನ ಜನ್ಮದಾಗ ನೋಡಿದ್ಯೇನು? ಖರೇ ಹೇಳು.”

“ಅಕಿ ಕೊಟ್ಟಿಲ್ಲ ಅದನ್ನ. ನೀ ಕದ್ದೀ.”

“ಕದ್ದೀನಿ. ಆತೇನು? ಈಗ ಏನ್ ಮಾಡ್ತೀ? ವಾಪಸ್ ಕೊಟ್ರ ಅಕಿ ಮುಖ ವಾಪಸ್ ಬರ್ತೈತೇನು? ಹೋದದ್ದು ಹೋತು. ಇದನ್ನ ಹಾಕ್ಲಿಲ್ಲಂದ್ರ ಚಿತ್ರ ಮುಗಿಯೂದಿಲ್ಲ. ಮುನ್ನೂರ ಹನ್ನೊಂದು ಮಂದಿ ನಮ್ಮನ್ನ ನಂಬಿ ಕೊಟ್ಟಾರ. ಅವರ ಮುಖ ಡಬ್ಬ್ಯಾಗ ಕೊಳೀಲಿ ಅಂತೀಯೇನು? ಪೋಸ್ಟಿನ ಚನ್ನಮ್ಮಗ ನೀ ಹೋಗಿ ಹೇಳ್ತೀಯೇನು?”

ನಾನು ಅವನ ಅಂಗಿ ಬಿಟ್ಟೆ.

“ನಾನಽ ಅಕಿಗೆ ಹೇಳ್ತೀನಿ,” ಎಂದ. “ತೋರ್ಸೂಕಿಂತ ಮೊದಲು ಕೇಳ್ತೀನಿ. ನೀ ಜೋಡ್ಸು.”

ಜೋಡಿಸಿದೆ. ಇದೇ ನಾನು ಹೇಳಬೇಕಾದ ಮಾತು. ಅಳು ಶುರುವಾಗುವ ಚೌಕಟ್ಟನ್ನು ಹುಡುಕಿ, ಅಲ್ಲಿಗೆ ಬ್ಲೇಡು ಇಟ್ಟು, ನಗುವಿದ್ದ ತುಂಡನ್ನು ತೆಗೆದುಹಾಕಿದೆ. ಕತೆಗೆ ನಗು ಬೇಕಿರಲಿಲ್ಲ. ಅದು ಮೇಜಿನ ಕೆಳಗಿನ ಬುಟ್ಟಿಗೆ ಬಿತ್ತು. ನಮ್ಮ ಬುಟ್ಟಿಯ ಚೂರುಗಳನ್ನು ವಾರಕ್ಕೊಮ್ಮೆ ಬಳೆಗಾರರು ಒಯ್ದು ಕರಗಿಸುತ್ತಿದ್ದರು. ಅಂಟು ಎಷ್ಟು ನಯವಾಗಿ ಕೂತಿತೆಂದರೆ ಗಫೂರನಿಗೂ ಜೋಡಣೆ ಕಾಣಿಸಲಿಲ್ಲ. ಅವನಿಗೆ ತೋರಿಸಿದ್ದೂ ಆ ಒಂದೇ ಸಲ. ನೋಡಿದವನು ಎದ್ದು ಹೊರಗೆ ಹೋದ. ತಂಗೆವ್ವ ಒಪ್ಪಿದ್ದಾಳೆ ಎಂದು ವಿಶ್ವಂಭರ ಅವನಿಗೆ ಹೇಳಿದ. ನಾನು ಪಕ್ಕದಲ್ಲೇ ಇದ್ದೆ. ಬಾಯಿ ಬಿಡಲಿಲ್ಲ.

ತಂಗೆವ್ವ ಒಂದು ತಿಂಗಳು ಬಿಟ್ಟು ಮರಳಿ ಬಂದಳು. ಕೆಲಸಕ್ಕೆ ಬಂದಳು, ರೊಟ್ಟಿ ಬಡಿದಳು, ನಮಗೆ ಬಡಿಸಿದಳು. ಇವತ್ತು ಹೇಳುತ್ತಾನೆ, ನಾಳೆ ಹೇಳುತ್ತಾನೆ ಎಂದು ನಾನು ವಿಶ್ವಂಭರನ ಮುಖ ನೋಡುತ್ತ ಅವಳು ಹಾಕಿದ್ದನ್ನು ಉಂಡೆ. ಅವನು ಹೇಳಲಿಲ್ಲ. ನಾನೂ ಹೇಳಲಿಲ್ಲ.

ಚಿತ್ರ ತೋರಿಸಿದ್ದು ಶೆಡ್ಡಿನಲ್ಲೇ, ಒಂದು ಸಂಜೆ. ಊರಿಗೆ ಊರೇ ಬಂದಿತ್ತು. ಪರಊರಿನ ಹಂಚಿಕೆದಾರನೊಬ್ಬ ಮೊದಲ ಸಾಲಿನಲ್ಲಿದ್ದ. ತಂಗೆವ್ವ ಬರುವುದಿಲ್ಲ ಎಂದಿದ್ದವಳು ನೆರೆಮನೆಯವರ ಒತ್ತಾಯಕ್ಕೆ ಬಂದು ಹೆಂಗಸರ ಮಧ್ಯೆ ಕೂತಿದ್ದಳು. ಅವಳನ್ನು ನೋಡಿದ ಕೂಡಲೇ ನಾನು ಯಂತ್ರದ ಕೋಣೆಗೆ ಓಡಿದೆ. ಕೊನೆಯ ಸುರುಳಿ ಹಾಕಬೇಡ ಎಂದು ಹೇಳಲು ಓಡಿದೆ. ವಿಶ್ವಂಭರ ಒಳಗಿನಿಂದ ಚಿಲಕ ಹಾಕಿಕೊಂಡಿದ್ದ. ಬಾಗಿಲು ಬಡಿದೆ. ಹೊರಗಿನ ಕೂಗಾಟದಲ್ಲಿ ನನ್ನ ಬಡಿತ ನನಗೇ ಕೇಳಿಸಲಿಲ್ಲ.

ಮುನ್ನೂರ ಹನ್ನೊಂದು ಮುಖಕ್ಕೂ ಜನ ಕೂಗಿದರು. ಆಮೇಲೆ ತಂಗೆವ್ವನ ಮುಖ ಬಂತು, ಗೋಡೆಯಷ್ಟು ದೊಡ್ಡದಾಗಿ.

ಯಾರೂ ಹೆಸರು ಹೇಳಲಿಲ್ಲ. ಅವಳು ಯಾವುದಕ್ಕೆಂದು ಆ ಮುಖ ಉಳಿಸಿಕೊಂಡಿದ್ದಳೆಂದು ಊರಿಗೆಲ್ಲ ಗೊತ್ತಿತ್ತು. ಹೆಂಗಸರ ಮಧ್ಯದಿಂದ ತಂಗೆವ್ವ ಎದ್ದು ನಿಂತಳು. ಪರದೆಯ ಬೆಳಕು ಅವಳ ಮೇಲೆ ಬಿದ್ದಿತ್ತು.

“ತಂಗೆವ್ವ,” ಎಂದಳು. ಎಲ್ಲರೂ ಹೇಳುತ್ತಿದ್ದಂತೆ ತನ್ನ ಹೆಸರನ್ನು ತಾನೇ ಹೇಳಿದಳು. “ಅಕಿ ನಾನು.”

ಹಂಚಿಕೆದಾರ ಚಪ್ಪಾಳೆ ತಟ್ಟಿದ. ಅವನೊಬ್ಬನೇ ತಟ್ಟಿದ.

ಮರುದಿನ ಬೆಳಗ್ಗೆ ಅವಳು ಅಡುಗೆ ಅಂಗಳಕ್ಕೆ ಹೋಗದೆ ನೇರ ನನ್ನ ಕೋಣೆಗೆ ಬಂದಳು. ಗಫೂರ ಅಲ್ಲೇ ಕೂತಿದ್ದ. ರಾತ್ರಿಯೇ ಅವನಿಗೆ ಎಲ್ಲ ಹೇಳಿದ್ದೆ, ಅವನು ನನ್ನ ಜೊತೆ ಮಾತು ಬಿಟ್ಟಿದ್ದ. ತಂಗೆವ್ವ ಅಳುತ್ತಿರಲಿಲ್ಲ.

“ತಗಿ ಅದನ್ನ,” ಎಂದಳು. “ಕೊಡು ನನಗ.”

ನಾನು ಸುರುಳಿ ಮೇಜಿಗೆ ಹಾಕಿದೆ. ಅಷ್ಟರಲ್ಲಿ ವಿಶ್ವಂಭರ ಹಂಚಿಕೆದಾರನ ಜೊತೆ ಬಂದ. ನನ್ನ ಕೈಯಲ್ಲಿ ಬ್ಲೇಡು ಕಂಡದ್ದೇ ಓಡಿ ಬಂದು ಮುಂಗೈ ಹಿಡಿದ.

“ತಂಗೆವ್ವ, ನನ್ನ ಮಾತು ಕೇಳು,” ಎಂದ. “ನಿನ್ನ ಮುಖ ಇನ್ನ ಊರೂರು ನೋಡ್ತಾವ. ನಾವೆಲ್ಲಾ ಸತ್ತ ಮ್ಯಾಲೂ ನೀ ಇರ್ತೀ. ಇದು ನಿನಗ ಸಿಕ್ಕ ದೊಡ್ಡ ಮರ್ಯಾದಿ.”

“ನನ್ನ ಮೊಮ್ಮಗಳು ಸತ್ತದ್ದನ್ನ ಊರೂರು ನೋಡೂದು ಮರ್ಯಾದಿಯೇನೋ?”

“ಕಲಾ ಅಂದ್ರ ಹಂಗಽ ಇರ್ತೈತಿ ಬೇ. ಏನರ ಕೊಡಬೇಕಾಕ್ಕೈತಿ.”

ಗಫೂರ ಎದ್ದ. ಮೂಲೆಯಲ್ಲಿದ್ದ ಕ್ಯಾಮೆರಾವನ್ನು ಹೆಗಲಿಗೇರಿಸಿ ವಿಶ್ವಂಭರನ ಎದುರು ತಿರುಗಿಸಿದ. “ಹಂಗಾರ ನೀನೂ ಕೊಡು,” ಎಂದ.

ನನ್ನ ಮುಂಗೈ ಬಿಟ್ಟು ವಿಶ್ವಂಭರ ಗೋಡೆಗೆ ಮುಖ ಮಾಡಿ ನಿಂತ. ಅಷ್ಟು ಬೇಗ ತಿರುಗಿದನೆಂದರೆ ಹಣೆ ಗೋಡೆಗೆ ಬಡಿಯಿತು. ಆಗ ತಿಳಿಯಿತು ನಮಗೆ: ಮುನ್ನೂರ ಹದಿನೆಂಟು ಜನರಿಂದ ಕೇಳಿ ಪಡೆದವನು, ಒಬ್ಬಳಿಂದ ಕದ್ದವನು, ನಲವತ್ತಾರು ವರ್ಷ ತನ್ನದನ್ನು ಯಾರಿಗೂ ಕೊಟ್ಟಿರಲಿಲ್ಲ. “ಬ್ಯಾಡೋ ಗಫೂರ, ಬ್ಯಾಡೋ,” ಎಂದು ಗೋಡೆಗೆ ಹೇಳುತ್ತಿದ್ದ. ಅಂಗಿಯ ಬೆನ್ನು ಬೆವೆತಿತ್ತು.

“ಇಳಸೋ ಅದನ್ನ,” ಎಂದು ತಂಗೆವ್ವ ಗಫೂರನನ್ನು ಗದರಿದಳು. “ಇವನ ಮುಖ ತಗೊಂಡು ನಾ ಏನ್ ಮಾಡ್ಲಿ? ಒಲಿಗೆ ಹಾಕಿದ್ರ ಒಂದು ರೊಟ್ಟಿ ಬೇಯೂದಿಲ್ಲ. ಮಂದಾ, ನೀ ಕತ್ತರ್ಸು.”

ನಾನು ಕತ್ತರಿಸಿದೆ. ಹಂಚಿಕೆದಾರ ಬಾಗಿಲಿನಿಂದಲೇ ತಿರುಗಿ ಹೋದ. ತುಂಡನ್ನು ಸುತ್ತಿ ತಂಗೆವ್ವನ ಕೈಗಿಟ್ಟೆ. ಅವಳು ಅದನ್ನು ಬಿಚ್ಚಿ, ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಚೌಕ ನೋಡುತ್ತ ಹೋದಳು. ಕೊನೆಯವರೆಗೆ ನೋಡಿ ಮತ್ತೆ ಮೊದಲಿಗೆ ಬಂದಳು.

“ಇದರ ಮುಂದಿಂದೆಲ್ಲೈತಿ?” ಎಂದಳು. “ಇವ ಬಂದು ನಿಂತಾಗ ನಾ ನಕ್ಕಿದ್ದೆ. ಫೋನ್ ಬಂತೇನ್ರಿ, ಏನ್ ಕೂಸು ಅಂತ ಕೇಳಿದ್ದೆ. ಅದೆಲ್ಲೈತಿ?”

ನಾನು ಮೇಜಿನ ಕೆಳಗಿನ ಬುಟ್ಟಿಯ ಕಡೆ ನೋಡಿದೆ.

“ಮಂದಾ, ನಿನ್ನ ಕೇಳಾಕತ್ತೀನಿ.”

“ಕತ್ತರಿಸಿ ತಗದೆ ಬೇ. ಬಳಿಗಾರ್ರು ಒಯ್ದ್ರು.”

ಬಳೆಗಾರರ ಓಣಿಗೆ ಆಮೇಲೆ ನಾನು ಹೋಗದೆ ಇರಲಿಲ್ಲ. ಅಲ್ಲಿ ಎಲ್ಲ ಕರಗಿ, ಬಣ್ಣ ಕೂಡಿ, ಡಜನ್ನುಗಟ್ಟಲೆ ಬಳೆಗಳಾಗಿ ಗೂಟಕ್ಕೆ ತೂಗುಬಿದ್ದಿತ್ತು. ಆದರೆ ಅವತ್ತು ತಂಗೆವ್ವ ನನ್ನನ್ನು ನೋಡಿದ ನೋಟ ಇನ್ನೂ ಹಾಗೇ ಇದೆ. ಅವಳ ಸಿಟ್ಟು ಅಲ್ಲಿಯವರೆಗೆ ವಿಶ್ವಂಭರನ ಮೇಲಿತ್ತು. ಆ ಗಳಿಗೆಯಲ್ಲಿ ಅದು ಅವನನ್ನು ಬಿಟ್ಟು ನನ್ನ ಕಡೆಗೆ ಹೊರಳಿದ್ದು ನನಗೆ ಕಂಡಿತು.

“ಕಳ್ಳ ಕದೀತಾನ. ಅವನ ಕೆಲಸಽ ಅದು,” ಎಂದಳು. “ನೀ? ನನ್ನ ಕೈಯಾಗ ಉಂಡಾಕಿ. ನಗೂದು ಬ್ಯಾಡ, ಅಳೂದಷ್ಟಽ ಇರ್ಲಿ ಅಂತ ಅಳತಿ ಮಾಡಿ ಕೊಯ್ದೆಲ್ಲ, ಹೆಂಗ ಕೊಯ್ದಿ? ನನ್ನ ಬಾಳಿನಾಗ ಅದಽ ಒಂದು ಉಳದಿತ್ತಲ್ಲೇ.”

ನಾನು ಅವಳ ಕಾಲ ಬಳಿ ಕೂತೆ. ನನ್ನ ಮುಖ ಇನ್ನೂ ಕೊಟ್ಟಿರಲಿಲ್ಲ. ಕೆಲಸದ ಗದ್ದಲದಲ್ಲಿ ಮದುವೆಯೂ ಆಗಿರಲಿಲ್ಲ, ಮುಖ ಕೊಡುವ ಸಂದರ್ಭವೂ ಬಂದಿರಲಿಲ್ಲ. “ನಂದು ತಗೋ ಬೇ,” ಎಂದೆ. “ಗಫೂರ ಈಗಽ ತೆಗೀತಾನ. ನೀ ಹೇಳಿದಂಗ ಕೊಡ್ತೀನಿ. ಸುಡು ಬೇಕಾದ್ರ, ಇಟ್ಕೋ ಬೇಕಾದ್ರ.”

“ನಿನ್ನ ಮುಖ ನೀನಽ ಇಟ್ಕೋ,” ಎಂದಳು. “ದಿನಾ ತೊಳ್ಕೊಂಡು ನೋಡ್ಕೋ.”

ತುಂಡನ್ನು ಸೀರೆಯ ಗಂಟಿಗೆ ಕಟ್ಟಿಕೊಂಡು ಹೋದಳು. ಅದನ್ನು ಏನು ಮಾಡಿದಳೋ ಗೊತ್ತಿಲ್ಲ. ಕೇಳುವ ಧೈರ್ಯ ಊರಿನಲ್ಲಿ ಯಾರಿಗೂ ಇಲ್ಲ.

ವಿಶ್ವಂಭರ ಆ ವಾರವೇ ಚಿತ್ರದ ಡಬ್ಬಿಗಳನ್ನು ಹೊತ್ತು ಊರು ಬಿಟ್ಟ. ಕೊನೆಯ ಶಾಟು ಇಲ್ಲದೆಯೂ ಅದು ಪರಊರುಗಳಲ್ಲಿ ಓಡಿತು. ಅಳು ಬರಬೇಕಾದಲ್ಲಿ ಪರದೆ ಕತ್ತಲಾಗಿ ನಿಲ್ಲುವುದು ಎಂಥ ಧೈರ್ಯದ ಕಲ್ಪನೆ ಎಂದು ಪತ್ರಿಕೆಯಲ್ಲಿ ಬರೆದರು. ಅವನು ಸನ್ಮಾನ ತೆಗೆದುಕೊಂಡ ಫೋಟೋ ಕೂಡ ಬಂದಿತ್ತು, ಬೆನ್ನು ತೋರಿಸಿ ನಿಂತದ್ದು. ಆ ಪತ್ರಿಕೆಯನ್ನು ಕಾಳಿಂಗಪ್ಪ ಕುಂಚ ಒರೆಸಲು ಬಳಸಿದ.

ನಾವು ಮೂವರು ಶೆಡ್ಡು ಬಿಡಲಿಲ್ಲ. ಗಫೂರ ಕ್ಯಾಮೆರಾದ ಗುಂಡಿಗೆ ಉದ್ದನೆಯ ತಂತಿ ಕಟ್ಟಿ, ಅದರ ತುದಿಯನ್ನು ಮುಖ ಕೊಡುವವರ ಕೈಗೇ ಕೊಡುವ ಏರ್ಪಾಟು ಮಾಡಿದ. ಒತ್ತುವವರೂ ಅವರೇ, ಬಿಡುವವರೂ ಅವರೇ. ಊರಿಗೆಲ್ಲ ಹೇಳಿ ಬಂದ. ಹದಿನಾಲ್ಕು ತಿಂಗಳು ಒಬ್ಬರೂ ಬರಲಿಲ್ಲ. ಬರದಿದ್ದದ್ದು ಸರಿಯೇ. ಈಗ ಒಬ್ಬೊಬ್ಬರು ಬರುತ್ತಾರೆ, ತಂತಿಯನ್ನು ಎಳೆದೆಳೆದು ಪರೀಕ್ಷಿಸುತ್ತಾರೆ. ಮೂಲೆಯಲ್ಲಿ ನಾನಿದ್ದರೆ ಹೊರಗೆ ಹೋಗು ಎನ್ನುತ್ತಾರೆ. ನಾನು ಹೋಗುತ್ತೇನೆ.

ಗಫೂರ ಒಂದು ವರ್ಷದ ಮೇಲೆ ಮಾತಾಡಿದ. ಕೆಲಸದ ಮಾತಷ್ಟೇ.

ತಂಗೆವ್ವ ಈಗ ಸಂತೆಯ ಹತ್ತಿರ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಾಳೆ. ವಾರಕ್ಕೊಮ್ಮೆ ಕಾಯಿಪಲ್ಲೆ ತರಲು ಆ ದಾರಿಯಲ್ಲೇ ನಾನು ಹೋಗಬೇಕು. ನನ್ನ ಕೈಯಲ್ಲಿ ಚೀಲ ಬಿಟ್ಟರೆ ಏನೂ ಇರುವುದಿಲ್ಲ, ಅದು ಅವಳಿಗೂ ಕಾಣುತ್ತದೆ. ಆದರೂ ನನ್ನನ್ನು ಕಂಡ ಕೂಡಲೇ ಹಿಟ್ಟಿನ ಕೈಯಲ್ಲೇ ಸೆರಗೆಳೆದು ಮುಖ ಮುಚ್ಚಿಕೊಳ್ಳುತ್ತಾಳೆ, ಇನ್ನೂ ಕದಿಯಲು ಅಲ್ಲಿ ಏನೋ ಉಳಿದಿದೆ ಎಂಬ ಹಾಗೆ.